ಎರಡು ಹಲ್ಲು ಹೆಚ್ಚು

ಲಾಯಿಲದ ಹಸೈನಾರ್ ಬ್ಯಾರಿಗೆ ಸೈಕಲ್ ರಿಪೇರಿಯಲ್ಲಿ ಮೂವತ್ತು ವರ್ಷದ ಸರ್ವಿಸ್. ಈ ಮೂವತ್ತು ವರ್ಷಗಳಲ್ಲಿ ಅವನ ಬಾಯಿಂದ ಯಾರೂ ಕೇಳದ ಪದವೆಂದರೆ ಒಂದೇ: ಗೊತ್ತಿಲ್ಲ. ಪಂಕ್ಚರಿನ ಬಗ್ಗೆ ಕೇಳಿದರೂ ಗೊತ್ತಿತ್ತು, ಪಂಚಾಯತಿನ ಬಗ್ಗೆ ಕೇಳಿದರೂ ಗೊತ್ತಿತ್ತು. ಎರಡರಲ್ಲೂ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬುದನ್ನು ಅವನು ನೀರಿನ ಬೇಸಿನ್ ಇಲ್ಲದೆಯೇ ಹೇಳುತ್ತಿದ್ದ.

ಆದ್ದರಿಂದ 2003ರ ಮಳೆಗಾಲದಲ್ಲಿ ಅಜಿತಕುಮಾರ ಬಂದು, ಬೆಳ್ತಂಗಡಿಯಿಂದ ಮುಂಡಾಜೆಗೆ ಸೂರ್ಯ ಮುಳುಗುವ ಮೊದಲು ಮುಟ್ಟಿಸುವ ಸೈಕಲ್ ಯಾವುದಾದರೂ ಉಂಟಾ ಎಂದು ಕೇಳಿದಾಗ ಹಸೈನಾರ್ ಒಂದು ಕ್ಷಣವೂ ತಡವರಿಸಲಿಲ್ಲ. ಉಂಟು ಎಂದುಬಿಟ್ಟ.

ಅಜಿತಕುಮಾರ ಬೆಳ್ತಂಗಡಿಯ ಒಂದು ಗೊಬ್ಬರದ ಡಿಪೋದಲ್ಲಿ ಸ್ಟೋರ್ ಕೀಪರ್. ಮನೆ ಮುಂಡಾಜೆಯ ಒಳರಸ್ತೆಯಲ್ಲಿ, ಡಿಪೋದಿಂದ ಹನ್ನೊಂದು ಕಿಲೋಮೀಟರ್. ಸಂಜೆ ಐದಕ್ಕೆ ಬಾಗಿಲು ಹಾಕಿ ರಸ್ತೆಗೆ ಬಂದರೆ, ಬರುವ ಬಸ್ಸು ಅವನ ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ, ನಿಲ್ಲುವ ಬಸ್ಸು ಬರುತ್ತಿರಲಿಲ್ಲ. ಅದುವರೆಗೆ ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಏಕೆಂದರೆ ಅಜಿತಕುಮಾರನಿಗೆ ರಾತ್ರಿ ಒಂಬತ್ತಕ್ಕೆ ಉಂಡೇ ಅಭ್ಯಾಸ. ಆದರೆ ಆ ವರ್ಷ ಚಾತುರ್ಮಾಸದ ಆರಂಭಕ್ಕೆ ಮೂಡುಬಿದಿರೆಯಲ್ಲಿ ನೆಂಟರೆಲ್ಲ ಸೇರಿದ್ದಾಗ, ಯಾರು ಯಾರು ಯಾವ ವ್ರತ ಹಿಡಿಯುತ್ತಾರೆ ಎಂಬ ಮಾತು ಬಂತು. ಅವನ ಸೋದರಮಾವ ಎಲ್ಲರೆದುರು, ನಮ್ಮ ಅಜಿತನನ್ನು ಬಿಟ್ಟು ಲೆಕ್ಕ ಹಾಕಿ, ಅವನ ಹೊಟ್ಟೆಗೆ ಕರೆಂಟು ಬರುವುದೇ ಲೈಟು ಹಾಕಿದ ಮೇಲೆ ಎಂದರು. ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಅಜಿತಕುಮಾರ, ಕಾರ್ತಿಕ ಹುಣ್ಣಿಮೆಯವರೆಗೆ ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವುದಿಲ್ಲ ಎಂದು ವ್ರತ ಹಿಡಿದೇಬಿಟ್ಟ.

ಜೈನರ ಮನೆಯವನಾದ್ದರಿಂದ ಹೋಟೆಲಿನಲ್ಲಿ ತಿನ್ನುವ ಹಾಗಿರಲಿಲ್ಲ. ಈರುಳ್ಳಿ ಮುಟ್ಟದ ಪದಾರ್ಥವೆಂದರೆ ಅಲ್ಲಿ ಟೂತ್‌ಪಿಕ್ ಒಂದೇ. ಬೆಳಿಗ್ಗೆ ಮಾಡಿದ್ದನ್ನು ಸಂಜೆಗೆ ಡಬ್ಬಿಯಲ್ಲಿ ಒಯ್ಯುವುದು ಅವನ ತಾಯಿ ಅನಂತಮತಿಯಮ್ಮನ ಕಟ್ಟಳೆಯಲ್ಲಿ ಇರಲಿಲ್ಲ. ವ್ರತದಲ್ಲಿ ಪಳಗಿದವರು ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಕೈ ತೊಳೆದಿರುತ್ತಾರೆ. ಡಿಪೋದ ಬಾಗಿಲು ಐದಕ್ಕೆ ಮುಚ್ಚುವುದೆಂದು ಅನಂತಮತಿಯಮ್ಮ ಮಗನಿಗೆ ರಿಯಾಯಿತಿ ಕೊಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾದ ಸೂರ್ಯಾಸ್ತದ ನಿಮಿಷದವರೆಗೆ ಊಟಕ್ಕೆ ಒಪ್ಪಿದ್ದರು. ಅದಕ್ಕಿಂತ ಆಚೆ ಒಂದು ಕ್ಷಣವೂ ಇಲ್ಲ.

ಇಂಥ ಹೊತ್ತಿಗೆ ಹಸೈನಾರನ ಕಣ್ಣಿಗೆ ಬಿದ್ದದ್ದು ಬಂಟ್ವಾಳದ ಗೇರ್ ಸೈಕಲ್.

ಅದನ್ನು ಕಳಿಸಿದವನು ಹಸೈನಾರನ ಹೆಂಡತಿ ಬೀಯಮ್ಮನ ತಮ್ಮ ಝಕರಿಯಾ. 1997ರಲ್ಲಿ ದಮ್ಮಾಮಿನಿಂದ ಕಾರ್ಗೋದಲ್ಲಿ ಬಂದ ಮೌಂಟೇನ್ ಬೈಕ್. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಆರು, ಮೂರಾರಲಿ ಹದಿನೆಂಟು ಗೇರು. ಬಂಟ್ವಾಳದ ಅವಳ ತವರುಮನೆಯಲ್ಲಿ ಗಲ್ಫಿನ ಸಾಮಾನಿನ ಮೇಲಿನ ಪ್ಲಾಸ್ಟಿಕ್ ತೆಗೆಯುವ ಪದ್ಧತಿ ಇರಲಿಲ್ಲ. ಸೋಫಾದ ಮೇಲೆ ಕೂತವರು ಏಳುವಾಗ ಪರಪರ ಶಬ್ದ ಬರುತ್ತಿತ್ತು. ಟಿವಿಯ ರಿಮೋಟ್ ಒತ್ತಿದರೆ ಮೊದಲು ಪ್ಲಾಸ್ಟಿಕ್ ಒಪ್ಪಬೇಕು, ಆಮೇಲೆ ಗುಂಡಿ. ಹಾಗೆಯೇ ಆ ಸೈಕಲ್ಲಿನ ಕೊಳವೆ, ಗೇರಿನ ಹಿಡಿ, ತಂತಿ, ಎಲ್ಲವೂ ಬಂದ ಪ್ಲಾಸ್ಟಿಕ್ಕಿನಲ್ಲೇ ಇದ್ದವು. ಮೇಲಿಂದ ಒಂದು ಹೂವಿನ ಬೆಡ್‌ಶೀಟ್. ಆರು ಮಳೆಗಾಲ ಅದು ಚಾವಡಿಯ ಮೂಲೆಯಲ್ಲಿ ಮದುಮಗನಂತೆ ನಿಂತಿತ್ತು, ಮದುವೆ ಮಾತ್ರ ಆಗಲಿಲ್ಲ. ಕೊನೆಗೆ ಝಕರಿಯಾನೇ ಫೋನಿನಲ್ಲಿ, ಭಾವ, ಅದನ್ನು ಯಾರಾದರೂ ಓಡಿಸುವವರಿಗೆ ಕೊಟ್ಟುಬಿಡಿ ಎಂದಿದ್ದ.

ಹಸೈನಾರ್ ಅದನ್ನು ಬಸ್ಸಿನ ಟಾಪಿನಲ್ಲಿ ಲಾಯಿಲಕ್ಕೆ ತಂದ. ಅಂಗಡಿಯೆದುರು ಅಜಿತಕುಮಾರನನ್ನು ನಿಲ್ಲಿಸಿಕೊಂಡು ಪ್ಲಾಸ್ಟಿಕ್ಕನ್ನು ಸರ್ರನೆ ಹರಿದ. ಪಕ್ಕದ ಎಸ್‌ಟಿಡಿ ಬೂತಿನ ಚನಿಯಪ್ಪ ಹೊರಗೆ ಬಂದು ಹಿಂದಿನ ಚಕ್ರ ನೋಡಿ, ಇಷ್ಟು ಗೇರು ಯಾರಿಗೆ ಬೇಕು, ಗೇರುಬೀಜವಾದರೂ ಆಗಿದ್ದರೆ ಪಾಯಸಕ್ಕೆ ಹಾಕಬಹುದಿತ್ತು ಎಂದ. ಹಸೈನಾರ್ ಅವನ ಕಡೆ ತಿರುಗಲಿಲ್ಲ. ಅಜಿತಣ್ಣ, ಇದರಲ್ಲಿ ನೀವು ಸೂರ್ಯನಿಗೆ ಟಾಟಾ ಮಾಡಿ ಊಟಕ್ಕೆ ಕೂರಬಹುದು, ನನ್ನ ಗ್ಯಾರಂಟಿ ಎಂದ.

ಗೇರ್ ಸೈಕಲನ್ನು ಅವನು ಅದುವರೆಗೆ ಒಮ್ಮೆಯೂ ಬಿಚ್ಚಿರಲಿಲ್ಲ. ಆದರೆ ಅದನ್ನು ಅವನಲ್ಲಿ ಯಾರೂ ಕೇಳಿರಲೂ ಇಲ್ಲ.

ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಗಸ್ಟಿನ ಸೂರ್ಯ ಉದಾರಿ, ಆರೂ ಮುಕ್ಕಾಲರವರೆಗೆ ಕಾಯುತ್ತಿದ್ದ. ಸೆಪ್ಟೆಂಬರಿನಲ್ಲಿ ಅವನು ಜಿಪುಣನಾದ. ಸೈಕಲ್ಲೂ ಅದೇ ಹೊತ್ತಿಗೆ ಬುದ್ಧಿ ತೋರಿಸಿತು. ಪ್ಲಾಸ್ಟಿಕ್ಕಿನೊಳಗೆ ಆರು ಮಳೆಗಾಲದ ತೇವ ಕೂತು ಗೇರಿನ ತಂತಿಗಳು ಒಳಗೊಳಗೇ ತುಕ್ಕು ಹಿಡಿದಿದ್ದವು. ಅಜಿತಕುಮಾರ ಹಿಡಿ ತಿರುಗಿಸಿದರೆ ಗೇರು ಬೀಳುತ್ತಿರಲಿಲ್ಲ, ತಿರುಗಿಸದಿದ್ದಾಗ ತಾನಾಗಿ ಬೀಳುತ್ತಿತ್ತು. ಉಜಿರೆಯ ಏರಿನಲ್ಲಿ ಎದ್ದು ನಿಂತು ತುಳಿದರೆ ಚೈನು ಒಂದು ಚಕ್ರದಿಂದ ಇನ್ನೊಂದಕ್ಕೆ ಪಕ್ಷಾಂತರ ಮಾಡುತ್ತಿತ್ತು. ಅಲ್ಲೂ ನಿಲ್ಲದಿದ್ದರೆ ಕೆಳಗೆ ಬಿದ್ದು ಸ್ವತಂತ್ರವಾಗುತ್ತಿತ್ತು. ಹಸೈನಾರ್ ತಂತಿ ಬಿಗಿ ಮಾಡಿದ, ಎಣ್ಣೆ ಬಿಟ್ಟ, ಒಮ್ಮೆ ಗದರಿಯೂ ನೋಡಿದ. ಅದು ಹೆಚ್ಚೆಂದರೆ ಮೂರು ದಿನ ಮಾತು ಕೇಳುತ್ತಿತ್ತು. ಬೀಯಮ್ಮನಲ್ಲಿ ಈ ಸಂಗತಿ ಹೇಳಿದರೆ ಅವಳದ್ದು ಒಂದೇ ತೀರ್ಪು: ಪ್ಲಾಸ್ಟಿಕ್ ತೆಗೆದದ್ದಕ್ಕೇ ಹಾಳಾದದ್ದು.

ಅಕ್ಟೋಬರ್ ಇಪ್ಪತ್ತೆಂಟರ ಬೆಳಿಗ್ಗೆ ಎಂಟೂವರೆಗೆ ಅಜಿತಕುಮಾರ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದ. ಅಂಗೈ ಗ್ರೀಸಿನಿಂದ ಕಪ್ಪಾಗಿತ್ತು. ಕೆನ್ನೆ ಒಳಗೆ ಹೋಗಿತ್ತು.

"ಬ್ಯಾರಿಗಳೇ, ನಿನ್ನೆಯೂ ಊಟ ಇಲ್ಲ," ಎಂದ. "ಈ ತಿಂಗಳಲ್ಲಿ ಇದು ಏಳನೇ ಸಲ. ನನ್ನದು ಬಿಡಿ, ಹೇಗೂ ತಡೀತದೆ. ನಾನು ಉಣ್ಣದೆ ಅಮ್ಮನೂ ಉಣ್ಣುದಿಲ್ಲ. ಅವರಿಗೆ ಶುಗರ್ ಉಂಟು. ನಿನ್ನೆ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಮಲಗಿ, ಬೆಳಿಗ್ಗೆ ಏಳುವಾಗ ತಲೆ ತಿರುಗಿ ಬಿದ್ರು."

ಹಸೈನಾರ್ ಸ್ಪ್ಯಾನರ್ ಕೆಳಗಿಟ್ಟ. ಪೆಟ್ಟಾಯಿತಾ ಎಂದು ಕೇಳಿದ. ಬಾಗಿಲು ಹಿಡಿದುಕೊಂಡರು, ದೊಡ್ಡ ಪೆಟ್ಟಿಲ್ಲ ಎಂದ ಅಜಿತಕುಮಾರ. ಹುಣ್ಣಿಮೆಗೆ ಇನ್ನು ಹನ್ನೊಂದು ದಿನ ಉಳಿದಿತ್ತು. ಇವತ್ತು ಸೂರ್ಯ ಮುಳುಗುವುದು ಆರು ಮೂರಕ್ಕೆ. ಇವತ್ತೂ ತಪ್ಪಿದರೆ ನಾಳೆಯೇ ರಜೆ ಹಾಕಿ ಮೂಡುಬಿದಿರೆಗೆ ಹೋಗಿ, ಮಾವನೆದುರೇ ವ್ರತ ಬಿಡುತ್ತೇನೆ, ಅವರು ನಗಲಿ, ಅಮ್ಮ ಬೀಳುವುದು ಬೇಡ ಎಂದು ಅವನು ನೆಲ ನೋಡಿಕೊಂಡು ಹೇಳಿದ. ಗ್ಯಾರಂಟಿಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಹಸೈನಾರನಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಆ ದಿನ ಹಸೈನಾರನಿಗೂ ಹಸಿವಿನ ವಿಷಯ ಹತ್ತಿರದ್ದಾಗಿತ್ತು. ರಂಜಾನಿನ ಉಪವಾಸ ಶುರುವಾಗಿತ್ತು. ಆರು ಮೂರು ಎಂದರೆ ಅವನ ಬಾಯಿಗೆ ಬಾಗಿಲು ತೆರೆಯುವ ಹೊತ್ತು, ಅಜಿತಕುಮಾರನ ಬಾಯಿಗೆ ಬಾಗಿಲು ಹಾಕುವ ಹೊತ್ತು. ಲಾಯಿಲದಿಂದ ಮುಂಡಾಜೆಯವರೆಗೆ ಸೂರ್ಯ ಒಬ್ಬನೇ, ಅವನನ್ನು ಬೇಗ ಹೋಗು ಎನ್ನುವವರು ಇಲ್ಲಿ, ಸ್ವಲ್ಪ ನಿಲ್ಲು ಮಾರಾಯ ಎನ್ನುವವರು ಅಲ್ಲಿ.

"ನೀವು ದಿನಾ ಎಷ್ಟು ಗೇರಿನಲ್ಲಿ ಹೋಗ್ತೀರಿ?" ಹಸೈನಾರ್ ಕೇಳಿದ.

"ನಾನು ಹೋಗುದು ಒಂದರಲ್ಲಿ. ಉಳಿದದ್ದು ಅದರಷ್ಟಕ್ಕೆ ಬಂದು ಹೋಗ್ತದೆ."

"ಮತ್ತೆ ಆ ಹದಿನೇಳನ್ನು ಯಾಕೆ ಹೊತ್ತುಕೊಂಡು ತಿರುಗುದು? ತೆಗೆಯುವ. ಒಂದೇ ಗೇರು, ಒಂದೇ ಚೈನು, ನಮ್ಮ ಹಳೇ ಸೈಕಲಿನ ಹಾಗೆ. ಬೀಳ್ಲಿಕ್ಕೆ ಇನ್ನೊಂದು ಜಾಗವೇ ಇಲ್ಲದಿದ್ರೆ ಚೈನು ಎಲ್ಲಿ ಬೀಳ್ತದೆ? ಐದು ಗಂಟೆಗೆ ಬನ್ನಿ."

ಅಜಿತಕುಮಾರ ಡಿಪೋಗೆ ನಡೆದ. ಬೂತಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಚನಿಯಪ್ಪ, ಹದಿನೇಳು ತೆಗೆಯುವ ಭರದಲ್ಲಿ ಮರ್ಯಾದೆಯೂ ಸೇರಿ ಹದಿನೆಂಟು ತೆಗೀಬೇಡಿ ಬ್ಯಾರಿಗಳೇ ಎಂದು ಒಳಗೆ ಹೋದ.

ಕೆಲಸ ಜೋರಾಗಿಯೇ ಹೊರಟಿತು. ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಹಸೈನಾರ್ ಮೊದಲು ತುಕ್ಕಿನ ತಂತಿಗಳನ್ನು ಕತ್ತರಿಸಿದ. ಹ್ಯಾಂಡಲಿನ ಗೇರ್ ಹಿಡಿಗಳನ್ನು ಕಿತ್ತ. ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದೂಡುವ ಬಾಗಿದ ಕೈಯೊಂದು ಹಿಂದೆ ನೇತಾಡುತ್ತಿತ್ತು, ಅದನ್ನು ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದ. ಹಿಂದಿನ ಚಕ್ರದ ಆರಂತಸ್ತಿನ ಹಲ್ಲುಚಕ್ರ, ಅಂದರೆ ಫ್ರೀವೀಲ್, ಮಾತ್ರ ಕೆಳಗಿಳಿಯಲು ಒಪ್ಪಲಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಅರ್ಧ ಗಂಟೆ ಮನವೊಲಿಸಿದ ಮೇಲೆ ಸಡಿಲವಾಯಿತು. ಅದರ ಜಾಗದಲ್ಲಿ ಊರಿನ ಎಲ್ಲ ಸೈಕಲಿಗೂ ಹಾಕುವ ಹದಿನೆಂಟು ಹಲ್ಲಿನ ಒಂಟಿ ಫ್ರೀವೀಲ್ ತಿರುಗಿಸಿ ಕೂರಿಸಿದ. ತಿರುಪಿನ ಎಳೆ ಸರಿಯಾಗಿ ಹಿಡಿಯಿತು. ಮುಂದಿನ ಮೂರರಲ್ಲಿ ನಡುವಿನದ್ದನ್ನು ಇಟ್ಟುಕೊಂಡ. ಹಿಂದಿನದಕ್ಕೆ ಅದೇ ನೇರ ಕೂರುತ್ತಿತ್ತು. ಹೊಸ ಚೈನು ಸುತ್ತಿ, ಕಣ್ಣಂದಾಜಿನಲ್ಲೇ ಅಳೆದು, ಠಕ್ಕನೆ ಕತ್ತರಿಸಿ ಪಿನ್ನು ಹೊಡೆದ. ಗಂಟೆ ಹನ್ನೆರಡೂ ಆಗಿರಲಿಲ್ಲ. ಅವನು ಹಾಡು ಗುನುಗಲಿಕ್ಕೆ ಹೊರಟು, ಉಪವಾಸದ ನೆನಪಾಗಿ ಬಾಯಿ ಮುಚ್ಚಿದ.

ಉಳಿದದ್ದು ಒಂದೇ ಕೆಲಸ. ಚೈನು ಸ್ವಲ್ಪ ಸಡಿಲವಾಗಿತ್ತು, ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು ನಟ್ಟು ಬಿಗಿದರೆ ಮುಗಿಯಿತು. ಮೂವತ್ತು ವರ್ಷದಲ್ಲಿ ಸಾವಿರಾರು ಸಲ ಮಾಡಿದ ಕೆಲಸ. ಹಸೈನಾರ್ ಎರಡು ಕೈಯಲ್ಲಿ ಚಕ್ರ ಹಿಡಿದು ಎಳೆದ. ಬರಲಿಲ್ಲ. ನಟ್ಟು ಇನ್ನಷ್ಟು ಸಡಿಲ ಮಾಡಿ ಎಳೆದ. ಸೈಕಲೇ ಅವನ ಕಡೆಗೆ ಬಂತು, ಚಕ್ರ ಬರಲಿಲ್ಲ. ಬಗ್ಗಿ ನೋಡಿದ.

ನಮ್ಮ ಊರಿನ ಸೈಕಲಿನಲ್ಲಿ ಹಿಂದಿನ ಅಚ್ಚು ಕೂರುವ ಸೀಳು ಅಡ್ಡಕ್ಕೆ ಇರುತ್ತದೆ, ಮುಂದೆ ಹಿಂದೆ ಜಾರಿಸಬಹುದು. ಇದರಲ್ಲಿ ಸೀಳು ಮೇಲೆ ಕೆಳಗೆ ಇತ್ತು. ಅಚ್ಚು ಅದರಲ್ಲಿ ಹೋಗಿ ಕೂತರೆ ಕೂತದ್ದೇ, ಮುಂದೂ ಇಲ್ಲ, ಹಿಂದೂ ಇಲ್ಲ. ಚೈನು ಸಡಿಲವಾದಾಗ ಎಳೆದು ಹಿಡಿಯುವ ಕೆಲಸವೂ ಆ ಬಾಗಿದ ಕೈಯದ್ದೇ ಆಗಿತ್ತು. ಅದನ್ನು ಡಬ್ಬದಿಂದ ಹೊರಗೆ ತೆಗೆದು ನೋಡಿದ. ಸ್ಪ್ರಿಂಗ್ ತುಕ್ಕು ಹಿಡಿದು, ಎಸೆದ ರಭಸಕ್ಕೆ ಎರಡು ತುಂಡಾಗಿತ್ತು.

ಚೈನು ಹಾಗೇ ಜೋತಾಡುತ್ತಿತ್ತು. ಬೆರಳಿನಲ್ಲಿ ಎತ್ತಿ ನೋಡಿದ, ಹೆಚ್ಚಿದ್ದದ್ದು ಅರ್ಧ ಇಂಚು. ಹಾಗೇ ಬಿಟ್ಟರೆ ಉಜಿರೆಯ ಏರಿನಲ್ಲಿ ಬಿದ್ದೇ ಬೀಳುತ್ತದೆ. ಒಂದು ಕೊಂಡಿ ತೆಗೆಯೋಣವೆಂದರೆ ಚೈನಿನ ಕೊಂಡಿ ಬರುವುದು ಇಂಚಿನ ಲೆಕ್ಕದಲ್ಲಿ, ತೆಗೆದರೆ ಎರಡು ತುದಿ ಸೇರುವುದೇ ಇಲ್ಲ. ತೆಗೆದು ನೋಡಿದ, ಸೇರಲಿಲ್ಲ. ಪುನಃ ಹಾಕಿದ. ಮತ್ತೊಮ್ಮೆ ತೆಗೆದು ನೋಡಿದ. ಕಬ್ಬಿಣಕ್ಕೆ ಕರುಣೆ ಎಲ್ಲಿಂದ ಬರಬೇಕು?

ಎರಡೂವರೆ ಆಯಿತು. ಯೋಚನೆಗೆ ಕೂರಬೇಕಾದರೆ ಹಸೈನಾರನಿಗೆ ಎಲೆಅಡಿಕೆ ಬೇಕು. ಅದು ಬಾಯಿಗೆ ಬೀಳದೆ ಅವನ ತಲೆ ಸ್ಟಾರ್ಟೇ ಆಗುತ್ತಿರಲಿಲ್ಲ, ಇವತ್ತು ಎಂಜಲು ನುಂಗಲಿಕ್ಕೂ ಯೋಚಿಸಬೇಕಾದ ದಿನ. ಅನಂತಮತಿಯಮ್ಮ ಬಾಗಿಲು ಹಿಡಿದುಕೊಂಡು ನಿಂತದ್ದು ಕಣ್ಣಿಗೆ ಬರುತ್ತಿತ್ತು. ಆ ಹೆಂಗಸನ್ನು ಅವನು ಒಮ್ಮೆಯೂ ನೋಡಿದವನಲ್ಲ. ನೋಡದೆಯೇ ಗ್ಯಾರಂಟಿ ಕೊಟ್ಟು ಬೀಳಿಸಿದ್ದ.

ಚನಿಯಪ್ಪ ಬೂತಿನಿಂದ ಕತ್ತು ಹೊರಗೆ ಹಾಕಿದ. "ಏನು ಬ್ಯಾರಿಗಳೇ, ಸೈಕಲ್ ಎದ್ದು ನಿಲ್ತದಾ ಇವತ್ತು?"

"ಗೊತ್ತಿಲ್ಲ," ಎಂದ ಹಸೈನಾರ್.

ಚನಿಯಪ್ಪನ ಮುಖದ ನಗು ಹೋಯಿತು. ಹದಿನಾಲ್ಕು ವರ್ಷ ಪಕ್ಕದಲ್ಲಿದ್ದು ಅವನು ಕೇಳದ ಮಾತು ಅದು. ಬೂತಿನಲ್ಲಿ ಗಿರಾಕಿ ಇದ್ದರೂ ಬಿಟ್ಟು ಬಂದು, ಲುಂಗಿ ಮಡಚಿ, ಸೈಕಲಿನ ಆಚೆ ಕಡೆ ಕುಕ್ಕರುಗಾಲಲ್ಲಿ ಕೂತ. ಏನು ಹಿಡಿಯಬೇಕು ಹೇಳಿ, ಹಿಡೀತೇನೆ ಎಂದ. ಹಿಡಿಯಲಿಕ್ಕೆ ಏನೂ ಇರಲಿಲ್ಲ. ಆದರೂ ಅವನು ಫ್ರೇಮನ್ನು ಬಿಗಿಯಾಗಿ ಹಿಡಿದುಕೊಂಡ.

ಹಸೈನಾರ್ ಸುಮ್ಮನೆ ಚೈನನ್ನೇ ನೋಡುತ್ತಿದ್ದ. ಚಕ್ರ ಹಿಂದೆ ಹೋಗುವುದಿಲ್ಲ. ಚೈನು ಚಿಕ್ಕದಾಗುವುದಿಲ್ಲ. ಅರ್ಧ ಇಂಚು ಹೆಚ್ಚು ಉಳಿದಿದೆ ಎಂದರೆ ಅದನ್ನು ಯಾರಾದರೂ ತಿನ್ನಬೇಕು. ತಿನ್ನಬೇಕಾದರೆ ಹಲ್ಲು ಬೇಕು. ಹದಿನೆಂಟು ಹಲ್ಲಿಗೆ ಸಾಲದಿದ್ದರೆ ಇನ್ನೆರಡು ಹಲ್ಲು. ಇಪ್ಪತ್ತು ಹಲ್ಲಿನ ಫ್ರೀವೀಲ್ ಸ್ವಲ್ಪ ದೊಡ್ಡದು, ಅದನ್ನು ಸುತ್ತಿ ಬರುವಷ್ಟರಲ್ಲಿ ಚೈನಿನ ಅರ್ಧ ಇಂಚು ಖರ್ಚಾಗುತ್ತದೆ. ಏರಿಗೂ ಅದೇ ಹಗುರ. ಇಳಿಜಾರಿನಲ್ಲಿ ಹೇಗೂ ತುಳಿಯುವವರಿಲ್ಲ.

ಲೆಕ್ಕ ಸಿಕ್ಕಿತು, ಸಾಮಾನು ಸಿಗಬೇಕಿತ್ತು. ಇಪ್ಪತ್ತು ಹಲ್ಲಿನದ್ದು ಬೆಳ್ತಂಗಡಿಯಲ್ಲಿ ಇಡುವವರಿಲ್ಲ. ಬಂಟ್ವಾಳದ ಒಂದು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹೋಗಿ ಬರುವಷ್ಟರಲ್ಲಿ ಸೂರ್ಯ ಅರಬ್ಬಿ ಸಮುದ್ರದಲ್ಲಿ ಮಿಂದು ಮಲಗಿರುತ್ತಾನೆ. ಇಡೀ ಲಾಯಿಲದಲ್ಲಿ ಇಪ್ಪತ್ತು ಹಲ್ಲು ಇದ್ದದ್ದು ಒಂದೇ ಸೈಕಲಿಗೆ, ಅದು ಅಂಗಡಿಯ ಕಂಬಕ್ಕೆ ಒರಗಿ ನಿಂತಿತ್ತು. ಹಸೈನಾರನ ಮನೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಟಯರು ಟ್ಯೂಬು ಹೇರಿಕೊಂಡು ಆ ಏರು ಹತ್ತಲಿಕ್ಕೆಂದೇ ಅವನು ತನ್ನ ಸೈಕಲಿಗೆ ದೊಡ್ಡ ಫ್ರೀವೀಲ್ ಹಾಕಿಕೊಂಡಿದ್ದ.

ಅವನು ಎದ್ದು ತನ್ನ ಸೈಕಲನ್ನು ತಲೆಕೆಳಗೆ ನಿಲ್ಲಿಸಿದ. ನೋಂಬಿನ ಖಾಲಿ ಹೊಟ್ಟೆಯಲ್ಲಿ ಗುಡ್ಡ ಹೇಗೆ ಹತ್ತುವುದು ಎಂದು ಚನಿಯಪ್ಪ ಕೇಳಿದ. ಕಾಲಿನಲ್ಲಿ, ಎಂದ ಹಸೈನಾರ್. ಅವನ ದನಿ ವಾಪಸು ಬಂದಿತ್ತು.

ಅಜಿತಕುಮಾರ ಓಡಿಕೊಂಡೇ ಬಂದಾಗ ಐದು ಹನ್ನೆರಡು. ಸೈಕಲ್ ಎರಡೂ ಚಕ್ರದ ಮೇಲೆ ನಿಂತು ಕಾಯುತ್ತಿತ್ತು. ಹ್ಯಾಂಡಲಿನಲ್ಲಿ ಬ್ರೇಕು ಬೆಲ್ಲು ಬಿಟ್ಟರೆ ಏನೂ ಇರಲಿಲ್ಲ. ಚೈನು ವೀಣೆಯ ತಂತಿಯಂತೆ ಎಳೆದು ಕೂತಿತ್ತು, ಮೀಟಿದರೆ ಟಣ್ ಎನ್ನಬಹುದು ಎನ್ನುವಷ್ಟು. ಅಜಿತಕುಮಾರ ಅದನ್ನೊಮ್ಮೆ, ಕಂಬದ ಬಳಿ ಹಲ್ಲು ಕಿತ್ತ ಬಾಯಿಯಂತೆ ಬಿದ್ದಿದ್ದ ಹಸೈನಾರನ ಸೈಕಲನ್ನೊಮ್ಮೆ ನೋಡಿದ. ಏನೋ ಹೇಳಲಿಕ್ಕೆ ಬಾಯಿ ತೆರೆದ.

"ಮಾತಿಗೆ ಟೈಮಿಲ್ಲ ಅಜಿತಣ್ಣ, ನಾನೇ ಹೇಳ್ತೇನೆ," ಎಂದ ಹಸೈನಾರ್. "ಗೇರಿನ ಸೈಕಲ್ ಅಂದ್ರೆ ಏನಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿಮಗೆ ಕೊಟ್ಟೆ. ಇವತ್ತು ಬಿಚ್ಚಿದ ಮೇಲೆ ಗೊತ್ತಾಯ್ತು. ಇದು ಬೀಳುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳೀರಿ, ಇಳಿಜಾರಿನಲ್ಲಿ ಸುಮ್ಮನೆ ಕೂತ್ಕೊಳ್ಳಿ. ನಡುವೆ ಏನೂ ಯೋಚನೆ ಮಾಡ್ಬೇಡಿ, ಯೋಚನೆಗೆ ಅಂತ ಇದರಲ್ಲಿ ಬೇರೆ ಗೇರಿಲ್ಲ."

ಮನೆ ಮುಟ್ಟಿದ ಕೂಡಲೇ ಬೂತಿಗೆ ಫೋನು ಮಾಡಿ ಎರಡು ರಿಂಗಾದ ಮೇಲೆ ಇಡಬೇಕು ಎಂದು ಚನಿಯಪ್ಪ ಹಿಂದಿನಿಂದ ಕೂಗಿ ನಂಬರು ಹೇಳಿದ. ಮುಟ್ಟದಿದ್ದರೆ ಫೋನೇ ಬೇಡ. ಅಜಿತಕುಮಾರ ಹಿಂದೆ ನೋಡದೆ ಕೈ ಎತ್ತಿದ. ಮೊದಲ ತಿರುವಿನಲ್ಲಿ ಅವನು ಎದ್ದು ನಿಂತು ತುಳಿಯುವುದು ಇಬ್ಬರಿಗೂ ಕಂಡಿತು. ಚೈನು ಅಲುಗಲಿಲ್ಲ.

ತೆಗೆದ ಹದಿನೆಂಟು ಹಲ್ಲನ್ನು ತನ್ನ ಸೈಕಲಿಗೆ ಕೂರಿಸುವ ಕೆಲಸ ಉಳಿದಿತ್ತು, ಅದಕ್ಕೆ ನಾಳೆ ಸಾಕಿತ್ತು. ಹಸೈನಾರ್ ಕೈ ತೊಳೆದು, ಬೂತಿನ ಬೆಂಚಿನಲ್ಲಿ ಕೂತು, ಮುಂಡಾಜೆಯ ರಸ್ತೆಯನ್ನು ಮನಸ್ಸಿನಲ್ಲೇ ತುಳಿಯತೊಡಗಿದ. ಐದೂವರೆಗೆ ಉಜಿರೆ ಏರು. ಐದು ನಲವತ್ತಕ್ಕೆ ಸೋಮಂತಡ್ಕದ ಹತ್ತಿರ. ಪಶ್ಚಿಮದಲ್ಲಿ ಮೋಡವಿತ್ತು. ಮೋಡ ಇದ್ದರೆ ಸೂರ್ಯನ ಲೆಕ್ಕ ಹೇಗೆ ಎಂದು ಚನಿಯಪ್ಪ ಕೇಳಿದ. ಕ್ಯಾಲೆಂಡರಿಗೆ ಮೋಡ ಬರುವುದಿಲ್ಲ ಎಂದ ಹಸೈನಾರ್. ಐದು ನಲವತ್ತೆಂಟಕ್ಕೆ ಫೋನು ಹೊಡೆಯಿತು. ಒಂದು. ಎರಡು. ಹಸೈನಾರ್ ಎದ್ದು ನಿಂತ. ಮೂರು. ನಾಲ್ಕು. ಚನಿಯಪ್ಪ ಎತ್ತಿದರೆ, ಅತ್ತ ಕಡೆಯಿಂದ ಅವನ ಭಾವನಿಗೆ ಕೋಳಿಯ ರೇಟು ತಿಳಿಯಬೇಕಿತ್ತು. ಚನಿಯಪ್ಪ ತನ್ನ ಜೀವಮಾನದಲ್ಲಿ ಭಾವನೊಡನೆ ಆಡಿದ ಅತ್ಯಂತ ಚಿಕ್ಕ ಮಾತು ಆಡಿ ಇಟ್ಟುಬಿಟ್ಟ.

ಐದು ಐವತ್ತಾಯಿತು, ಐವತ್ತೆರಡಾಯಿತು. ಉಣ್ಣಲಿಕ್ಕೂ ಹತ್ತು ನಿಮಿಷ ಬೇಡವೇ? ಹಸೈನಾರ್ ಜೇಬಿನಲ್ಲಿದ್ದ ಖರ್ಜೂರದ ಪೊಟ್ಟಣವನ್ನು ಬೆರಳಿನಿಂದ ಒತ್ತಿ ಒತ್ತಿ ಮುದ್ದೆ ಮಾಡಿದ್ದ. ಐವತ್ತಮೂರಕ್ಕೆ ಫೋನು ಹೊಡೆಯಿತು. ಒಂದು. ಎರಡು.

ನಿಂತಿತು.

ಇಬ್ಬರೂ ಮೂರನೆಯದಕ್ಕೆ ಕಾದರು. ಅದು ಬರಲಿಲ್ಲ. ಚನಿಯಪ್ಪ ಫೋನಿನ ಬೆನ್ನಿಗೆ ಮೆಲ್ಲನೆ ತಟ್ಟಿದ, ಅದೇ ಸೈಕಲ್ ತುಳಿದು ಮನೆ ಮುಟ್ಟಿಸಿದ ಹಾಗೆ. ಹಸೈನಾರ್ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದ. ಮುಂಡಾಜೆಯಲ್ಲಿ ತಾಯಿ ಮಗ ಎದುರುಬದುರು ಕೂತು, ಕ್ಯಾಲೆಂಡರಿನ ಕೆಳಗೆ, ಮಾತಿಲ್ಲದೆ ಗಬಗಬ ಉಣ್ಣುವುದು ಅವನಿಗೆ ಕಾಣುತ್ತಿತ್ತು. ಮಸೀದಿಯಿಂದ ಬಾಂಗು ಕೇಳಿದಾಗ ಅವರು ಕೈ ತೊಳೆದಿರಬೇಕು. ಇವನು ಖರ್ಜೂರ ಬಾಯಿಗಿಟ್ಟ. ಮುದ್ದೆಯಾಗಿದ್ದರೂ ಅಷ್ಟು ಸಿಹಿಯಾದ ಖರ್ಜೂರ ಆ ವರ್ಷ ಮತ್ತೆ ಸಿಗಲಿಲ್ಲ.

ನಮಾಜು ಮುಗಿಸಿ, ಹಲ್ಲಿಲ್ಲದ ಸೈಕಲನ್ನು ಗುಡ್ಡದ ನೆತ್ತಿಯವರೆಗೆ ತಳ್ಳಿ ಅವನು ಮನೆ ಮುಟ್ಟುವಾಗ ಬೀಯಮ್ಮ ಅಕ್ಕಿರೊಟ್ಟಿಯ ಪತ್ತಿರಿ ಮುಚ್ಚಿಟ್ಟು ಬಾಗಿಲಲ್ಲೇ ನಿಂತಿದ್ದಳು. ಯಾಕೆ ತಳ್ಳಿಕೊಂಡು ಬಂದದ್ದು ಎಂದು ಕೇಳಿದಳು. ಅವನು ಮುಖ ತೊಳೆಯುತ್ತಾ ಎಲ್ಲವನ್ನೂ ಹೇಳಿದ: ಅನಂತಮತಿಯಮ್ಮ ಬಿದ್ದದ್ದು, ತುಕ್ಕು ತಿಂದ ತಂತಿ, ಅರ್ಧ ಇಂಚು, ಇಪ್ಪತ್ತು ಹಲ್ಲು, ಎರಡು ರಿಂಗು. ಬೀಯಮ್ಮ ಕೊನೆಯವರೆಗೆ ಕೇಳಿ, ತಟ್ಟೆ ಇಡುತ್ತಾ ಹೇಳಿದಳು:

"ಅದಕ್ಕೇ ನಾನು ಹೇಳಿದ್ದು. ಪ್ಲಾಸ್ಟಿಕ್ ತೆಗೆದದ್ದಕ್ಕೇ ಇಷ್ಟೆಲ್ಲ ಆದದ್ದು. ಹೌದಾ ಅಲ್ವಾ?"

ಬೇರೆ ದಿನವಾಗಿದ್ದರೆ ತುಕ್ಕು, ತೇವ, ತಂತಿಗಳ ಬಗ್ಗೆ ಹಸೈನಾರ್ ಊಟ ಮುಗಿಯುವವರೆಗೆ ಭಾಷಣ ಮಾಡುತ್ತಿದ್ದ. ಅವನು ಪತ್ತಿರಿ ಮುರಿದು ಸಾರಿಗೆ ಅದ್ದಿದ.

"ಇರ್ಲೂಬಹುದು," ಎಂದ. "ನನಗೆ ಗೊತ್ತಿಲ್ಲ."

ಬೀಯಮ್ಮ ಸೌಟು ಪಾತ್ರೆಯಲ್ಲೇ ಬಿಟ್ಟು ಬಂದು, ಅಂಗೈಯನ್ನು ಅವನ ಹಣೆಗೆ ಇಟ್ಟು ನೋಡಿದಳು. ಜ್ವರ ಇರಲಿಲ್ಲ. ಇನ್ನೆರಡು ಪತ್ತಿರಿ ಬಡಿಸಿದಳು.